ಬೆರಳಿಗೆ ತೆರೆಯದ ಜೀಪು: ಸಿದ್ದಾಪುರದ ಬಳಿಯ ಕಾಫಿ ತೋಟವೊಂದರ ಪ್ರಕರಣ ಅಧ್ಯಯನ

ಸಿದ್ದಾಪುರ ಮತ್ತು ಅಮ್ಮತ್ತಿಯ ನಡುವಿನ ಒಂದು ಕಾಫಿ ತೋಟದ ಕುಟುಂಬ ತನ್ನ ಡೀಸೆಲ್ ಜೀಪಿಗೆ, ಬೆರಳಚ್ಚಿನಿಂದ ಬಾಗಿಲು ತೆರೆಯುವ ಮತ್ತು ಎಂಜಿನ್ ಚಾಲೂ ಮಾಡುವ ಸಾಧನವೊಂದನ್ನು ಕಂಪನಿಯ ಹೊರಗಿನವರಿಂದ ಹಾಕಿಸಿಕೊಂಡಿತು. ಒಂದು ಮಳೆಗಾಲ ಮತ್ತು ಒಂದು ಕೊಯ್ಲು ಕಳೆಯುವಷ್ಟರಲ್ಲಿ ಅದನ್ನು ತೆಗೆಸಿಹಾಕಿತು. ಸಾಧನ ಕೆಟ್ಟಿರಲಿಲ್ಲ. ಪೆಟ್ಟಿಗೆಯ ಮೇಲೆ ಬರೆದಿದ್ದ ಕೆಲಸವನ್ನೆಲ್ಲ ಅದು ಮಾಡುತ್ತಲೇ ಇತ್ತು. ವಿಮೆಯ ನವೀಕರಣಕ್ಕೆ ಮೊದಲು ವೈರಿಂಗನ್ನು ಒಮ್ಮೆ ನೋಡಿಕೊಡಬೇಕೆಂದು ಮನೆಯವರು ಕೇಳಿಕೊಂಡದ್ದರಿಂದ ಆ ಜೀಪಿನ ಡ್ಯಾಶ್‌ಬೋರ್ಡನ್ನು ಬಿಚ್ಚಿಸಿ ನೋಡುವ ಸಂದರ್ಭ ನನಗೆ ಒದಗಿತು. ಅಲ್ಲಿ ಕಂಡದ್ದನ್ನೂ ಮನೆಯವರು ಮತ್ತು ತೋಟದವರು ಹೇಳಿದ್ದನ್ನೂ ಅವರ ಒಪ್ಪಿಗೆಯ ಮೇಲೆ ಇಲ್ಲಿ ದಾಖಲಿಸಿದ್ದೇನೆ. ಕುಟುಂಬದ ಹೆಸರು, ಜೀಪಿನ ಕಂಪನಿ, ಸಾಧನವನ್ನು ಮಾರಿದವರು ಮತ್ತು ಜೋಡಿಸಿದವರ ವಿವರಗಳನ್ನು ಬಿಟ್ಟಿದ್ದೇನೆ.

ಜೀಪು ಮತ್ತು ಅದನ್ನು ಬಳಸುವವರು

ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಕೆಲಸದವರ ಲೈನ್ ಮನೆಗಳಲ್ಲಿ ಕೆಲವು ಕುಟುಂಬಗಳು: ಕೊಡಗಿನ ಮಧ್ಯಮ ಗಾತ್ರದ ತೋಟಗಳಲ್ಲಿ ಕಾಣುವಂಥದ್ದೇ ವ್ಯವಸ್ಥೆ. ಮನೆಯಲ್ಲಿ ಅರವತ್ತು ದಾಟಿದ ಮಾಲೀಕರು ಮತ್ತು ಅವರ ಪತ್ನಿ ಇದ್ದಾರೆ. ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ತೋಟದ ಲೆಕ್ಕವನ್ನು ರೈಟರ್ ನೋಡಿಕೊಳ್ಳುತ್ತಾರೆ, ಕೆಲಸದವರ ಮೇಲ್ವಿಚಾರಣೆ ಮೇಸ್ತ್ರಿಯದು, ಚಾಲಕರೊಬ್ಬರಿದ್ದಾರೆ. ಕಾಗದದಲ್ಲಿ ಜೀಪು ಮಾಲೀಕರ ಹೆಸರಿನಲ್ಲಿದ್ದರೂ ಬೆಳಿಗ್ಗೆ ಕೂಲಿಯವರನ್ನು ಕರೆತರಲು ಚಾಲಕ, ಗೊಬ್ಬರ ಮತ್ತು ಡೀಸೆಲ್ ತರಲು ರೈಟರ್, ಮೋಟಾರು ಕೆಟ್ಟಾಗ ಮೆಕ್ಯಾನಿಕ್‌ನನ್ನು ಕರೆತರಲು ಮೇಸ್ತ್ರಿ, ವಿರಾಜಪೇಟೆಯ ಬ್ಯಾಂಕಿಗೆ ಮಾಲೀಕರು, ರಜೆಗೆ ಬಂದಾಗ ಮಗಳು, ಹೀಗೆ ಒಂದೇ ದಿನದಲ್ಲಿ ಹಲವು ಕೈಗಳು ಅದರ ಸ್ಟಿಯರಿಂಗ್ ಹಿಡಿಯುವುದುಂಟು. ಅಷ್ಟು ದಿನ ಈ ಎಲ್ಲರ ನಡುವೆ ಓಡಾಡುತ್ತಿದ್ದುದು ಒಂದು ಕೀ. ಎರಡನೆಯ ಕೀ ಮನೆಯ ಬೀರುವಿನಲ್ಲಿತ್ತು.

ಸಾಧನವನ್ನು ಹಾಕಿಸಲು ಎರಡು ಕಾರಣಗಳಿದ್ದವು, ಮತ್ತು ಅವು ಒಂದಕ್ಕೊಂದು ಸಂಬಂಧವಿಲ್ಲದವು. ಕೊಯ್ಲಿನ ಸಮಯದಲ್ಲಿ ಕೀ ತೋಟದೊಳಗೆಲ್ಲೋ ಬಿದ್ದುಹೋಗಿ, ಚಿಪ್ ಇರುವ ಹೊಸ ಕೀಯನ್ನು ಡೀಲರ್ ಮೂಲಕ ತರಿಸಿ ವಾಹನಕ್ಕೆ ಹೊಂದಿಸುವವರೆಗೆ ಬೀರುವಿನ ಕೀಯೊಂದರಿಂದಲೇ ತೋಟ ನಡೆಯಬೇಕಾಯಿತು. ಇದು ಮೊದಲನೆಯದು. ಎರಡನೆಯದು ಸ್ವಲ್ಪ ಸೂಕ್ಷ್ಮ: ಯಾರೋ ರಾತ್ರಿ ಹೇಳದೆ ಕೇಳದೆ ಜೀಪನ್ನು ಒಯ್ಯುತ್ತಿದ್ದಾರೆ, ಡೀಸೆಲ್ ಲೆಕ್ಕ ಸರಿಹೊಂದುತ್ತಿಲ್ಲ ಎಂಬ ಅನುಮಾನ ಮಾಲೀಕರಿಗಿತ್ತು. ಕೀ ಕಳೆದುಹೋಗುವುದು ವಸ್ತುವಿನ ಸಮಸ್ಯೆ. ಹೇಳದೆ ಒಯ್ಯುವುದು ಅನುಮತಿಯ ಸಮಸ್ಯೆ. ಬೆರಳಚ್ಚು ಮೊದಲನೆಯದಕ್ಕೆ ಉತ್ತರವಾಗಬಲ್ಲದು. ಎರಡನೆಯದಕ್ಕೂ ಅದೇ ಉತ್ತರ ಎಂದು ಮನೆಯವರು ನಂಬಿದರು. ಚಾಲಕ, ರೈಟರ್, ಮೇಸ್ತ್ರಿ ಮೂವರ ಬೆರಳನ್ನೂ ಸಾಧನಕ್ಕೆ ಕೊಡಲೇಬೇಕಾಗಿದ್ದುದರಿಂದ, ಅನುಮಾನ ಯಾರ ಮೇಲಿತ್ತೋ ಅವರಿಗೆಲ್ಲ ಕಳೆದುಹೋಗದ ಒಂದು ಕೀಯನ್ನು ಶಾಶ್ವತವಾಗಿ ಕೊಟ್ಟಂತಾಯಿತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಯಾರು ಯಾವಾಗ ಒಯ್ದರು ಎಂಬ ದಾಖಲೆಯನ್ನು ಆ ಸಾಧನ ಇಡುತ್ತಲೂ ಇರಲಿಲ್ಲ.

ಸಂವೇದಕ ನೋಡುವುದೇನು

ಬಾಗಿಲಿನ ಹಿಡಿಯ ಬಳಿ ಒಂದು, ಸ್ಟಿಯರಿಂಗ್‌ನ ಪಕ್ಕದಲ್ಲಿ ಇನ್ನೊಂದು, ಹೀಗೆ ಎರಡು ಸಂವೇದಕಗಳಿದ್ದವು. ಎರಡೂ ಮೊಬೈಲ್ ಫೋನುಗಳಲ್ಲಿ ಬಳಕೆಯಲ್ಲಿರುವ ಕೆಪ್ಯಾಸಿಟಿವ್ ಬಗೆಯವು. ಅವುಗಳ ಮೇಲ್ಮೈಯ ಕೆಳಗೆ ಸಾವಿರಾರು ಅತಿ ಸಣ್ಣ ಲೋಹದ ತಟ್ಟೆಗಳಿರುತ್ತವೆ. ಬೆರಳಿನ ಚರ್ಮದ ಏಣುಗಳು ಮೇಲ್ಮೈಗೆ ತಾಗುತ್ತವೆ, ನಡುವಿನ ಕಣಿವೆಗಳಲ್ಲಿ ಗಾಳಿ ಉಳಿಯುತ್ತದೆ. ಈ ಎರಡರಿಂದ ತಟ್ಟೆಗಳ ವಿದ್ಯುದಾವೇಶದಲ್ಲಿ ಉಂಟಾಗುವ ವ್ಯತ್ಯಾಸವೇ ಚಿತ್ರವಾಗುತ್ತದೆ. ಏಣುಗಳು ಎಲ್ಲಿ ಕೊನೆಗೊಳ್ಳುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಚಿತ್ರದಿಂದ ಲೆಕ್ಕಹಾಕಿ, ಆ ಅಂಕಿಗಳ ಗುಚ್ಛವೊಂದನ್ನು ಟೆಂಪ್ಲೇಟ್ ಎಂಬ ಹೆಸರಿನಲ್ಲಿ ಸ್ಮೃತಿಯಲ್ಲಿ ಇಟ್ಟುಕೊಳ್ಳಲಾಗುತ್ತದೆ. ಮುಂದೆ ಪ್ರತಿ ಸಲ ಬೆರಳಿಟ್ಟಾಗ ಹೊಸ ಅಂಕಿಗಳು ಹಳೆಯವಕ್ಕೆ ಎಷ್ಟು ಹೋಲುತ್ತವೆ ಎಂದು ನೋಡಿ, ಹೋಲಿಕೆ ಒಂದು ಮಿತಿಯನ್ನು ದಾಟಿದರೆ ಒಪ್ಪಿಕೊಳ್ಳುವುದು, ದಾಟದಿದ್ದರೆ ತಳ್ಳಿಹಾಕುವುದು ಸಾಧನದ ಕೆಲಸ.

ಹೀಗಾಗಿ ಎರಡು ಬಗೆಯ ತಪ್ಪು ಸಾಧ್ಯ: ಪರಕೀಯರನ್ನು ಒಪ್ಪುವುದು ಮತ್ತು ಮನೆಯವರನ್ನು ತಳ್ಳುವುದು. ಮಿತಿಯನ್ನು ಬಿಗಿ ಮಾಡಿದರೆ ಎರಡನೆಯದು ಹೆಚ್ಚುತ್ತದೆ, ಸಡಿಲಿಸಿದರೆ ಮೊದಲನೆಯದು. ಜಾಹೀರಾತುಗಳಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲನೆಯ ತಪ್ಪಿನ ಅಂಕಿ ಮಾತ್ರ. 2013ರಲ್ಲಿ ಆಪಲ್ ತನ್ನ ಫೋನಿನ ಬೆರಳಚ್ಚು ಸಾಧನವಾದ ಟಚ್ ಐಡಿಗೆ, 2018ರ ಡಿಸೆಂಬರಿನಲ್ಲಿ ಹ್ಯುಂಡೈ ತನ್ನ ಸಾಂಟಾ ಫೆ ಕಾರಿನ ಬೆರಳಚ್ಚು ಬಾಗಿಲಿಗೆ ಕೊಟ್ಟುಕೊಂಡ ಅಂಕಿ ಒಂದೇ: 50,000ದಲ್ಲಿ ಒಂದು. ಈ ಅಂಕಿ ನೋಂದಾಯಿಸಿದ ಒಂದು ಬೆರಳಿನ ಲೆಕ್ಕ ಎಂಬುದನ್ನು ನೆನಪಿಡಬೇಕು. ಐದು ಜನರು ತಲಾ ಮೂರು ಬೆರಳು ಕೊಟ್ಟರೆ ಸ್ಮೃತಿಯಲ್ಲಿ 15 ಟೆಂಪ್ಲೇಟುಗಳಾಗುತ್ತವೆ; ಅಷ್ಟೇ ಒಳ್ಳೆಯ ಸಾಧನವಾದರೂ ಪರಕೀಯ ಬೆರಳೊಂದು ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಹೊಂದುವ ಸಾಧ್ಯತೆ ಸುಮಾರು 3,300ರಲ್ಲಿ ಒಂದಕ್ಕೆ ಏರುತ್ತದೆ. ತೋಟದ ಜೀಪಿನ ಮಟ್ಟಿಗೆ ಇದೇನೂ ಗಾಬರಿಯ ಅಂಕಿಯಲ್ಲ, ಏಕೆಂದರೆ ಅಲ್ಲಿ ಸಾಲುಗಟ್ಟಿ ನಿಂತು ಬೆರಳೊತ್ತುವ ಪರಕೀಯರಿರುವುದಿಲ್ಲ. ಅಲ್ಲಿ ತೊಂದರೆ ಕೊಟ್ಟದ್ದು ಎರಡನೆಯ ತಪ್ಪು.

ಯಾರ ಬೆರಳನ್ನು ಅದು ಒಪ್ಪಲಿಲ್ಲ

ಮುಂಗಾರಿಗೆ ಮುನ್ನ ಮತ್ತು ಮಳೆಯ ಬಿಡುವಿನಲ್ಲಿ ಕಾಫಿಗೆ, ಮೆಣಸಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಮೈಲುತುತ್ತ ಮತ್ತು ಸುಣ್ಣವನ್ನು ಕಲಸುವವರ ಬೆರಳ ತುದಿಯನ್ನು ಸುಣ್ಣ ತಿಂದುಹಾಕುತ್ತದೆ. ಏಣುಗಳು ಸವೆದು ಚರ್ಮ ನುಣ್ಣಗಾಗುತ್ತದೆ. ಡಿಸೆಂಬರಿನಿಂದ ರೊಬಸ್ಟಾ ಕೊಯ್ಲು. ಗೊಂಚಲನ್ನು ಕೈಯಿಂದ ಎಳೆದು ಉದುರಿಸುವಾಗ ಬೆರಳಿಗೆ ಅಂಟು, ಮಣ್ಣು ಮತ್ತು ಸಿಪ್ಪೆಯ ಕಪ್ಪು ಮೆತ್ತಿಕೊಳ್ಳುತ್ತದೆ. ಆ ತಿಂಗಳುಗಳ ಒಣ ಚಳಿಗೆ ಚರ್ಮ ಬಿರಿಯುತ್ತದೆ. ಬಿರಿದ ಚರ್ಮ ಸಂವೇದಕಕ್ಕೆ ತುಂಡು ತುಂಡು ಗೆರೆಗಳಾಗಿ ಕಾಣುತ್ತದೆ. ಮಳೆಗಾಲದಲ್ಲಿ ಇದರ ತದ್ವಿರುದ್ಧ: ಕಣಿವೆಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡು, ಏಣು ಯಾವುದು ಕಣಿವೆ ಯಾವುದು ಎಂಬ ಭೇದವೇ ಅಳಿಸಿ, ಇಡೀ ಚಿತ್ರ ಕಪ್ಪಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನಲ್ಲಿ ಹೊರಗೆ ನಿಲ್ಲಿಸಿದ ವಾಹನದ ಹಿಡಿಯೂ ಅದನ್ನು ಹಿಡಿಯುವ ಕೈಯೂ ಒಣಗಿರುವ ಗಳಿಗೆ ಅಪರೂಪ.

ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ಕರೆದು ಬೆರಳಿಡಿಸಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಮಗಳ ಬೆರಳನ್ನು ಸಾಧನ ಇಟ್ಟೊಡನೆ ಒಪ್ಪಿತು. ಚಾಲಕರದ್ದು ಹೆಚ್ಚಿನಂಶ ಸರಿಹೋಯಿತು. ಮಾಲೀಕರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡು ಮೂರು ಸಲ ಒತ್ತಬೇಕಾಯಿತು. ರೈಟರ್ ಅವರದ್ದು ಆಗೊಮ್ಮೆ ಈಗೊಮ್ಮೆ. ಮೇಸ್ತ್ರಿಯ ಬೆರಳನ್ನು ಒದ್ದೆ ಮಾಡಿಯೂ ಒಣಗಿಸಿಯೂ ಅದು ಒಪ್ಪಲಿಲ್ಲ. ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ: “ರೇಷನ್ ಅಂಗಡೀಲೂ ಹಿಂಗೇ ಸಾರ್, ಥಂಬ್ ತಗೊಳಲ್ಲ. ಹೆಂಡ್ತೀನ ಕಳಿಸ್ತೀನಿ. ಇದನ್ನ ಹಾಕ್ಸೋ ಮೊದ್ಲೇ ಸಾವ್ಕಾರ್ರಿಗೆ ಹೇಳಿದ್ದೆ.” ದುಡಿಯುವ ಕೈಗಳ ಬೆರಳಚ್ಚು ಯಂತ್ರಕ್ಕೆ ಸಿಗುವುದಿಲ್ಲ ಎಂಬುದು ಆಧಾರ್ ದೃಢೀಕರಣ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೆಂದೇ ಅಲ್ಲಿ ಒಟಿಪಿ, ಕಣ್ಣಿನ ಪಾಪೆ ಎಂಬ ಪರ್ಯಾಯಗಳನ್ನು ಇಡಬೇಕಾಯಿತು. ಈ ಮನೆಯಲ್ಲಿ ಸಾಧನವನ್ನು ಆರಿಸಿ ತರಿಸಿದವರು ಮಗಳು, ಪರೀಕ್ಷಿಸಿ ನೋಡಿದವರೂ ಅವರೇ. ತೋಟಕ್ಕೆ ವರ್ಷಕ್ಕೆ ಕೆಲವೇ ಸಲ ಬರುವವರ ಬೆರಳಿಗೆ ಅದು ಅತಿ ಚೆನ್ನಾಗಿ ಕೆಲಸ ಮಾಡುತ್ತಿತ್ತು, ದಿನವೂ ಅಲ್ಲಿರುವವರ ಬೆರಳಿಗೆ ಅತಿ ಕೆಟ್ಟದಾಗಿ. ಅಂಗಡಿಯಲ್ಲಿ ಪರೀಕ್ಷಿಸಿ ಕೊಳ್ಳುವ ಯಾವ ಬಯೋಮೆಟ್ರಿಕ್ ಸಾಧನದಲ್ಲೂ ಈ ಅಪಾಯ ಇದ್ದದ್ದೇ.

ಜುಲೈ ತಿಂಗಳ ಒಂದು ಸಂಜೆಯ ಘಟನೆ ಕುಟುಂಬದ ಮನಸ್ಸನ್ನು ಬದಲಿಸಿತು. ಮಾಲೀಕರು ಮೈಸೂರಿಗೆ ಹೋಗಿದ್ದರು, ಚಾಲಕ ರಜೆಯಲ್ಲಿದ್ದರು. ಕಾಡು (ತೋಟದ ಕಳೆ) ಕಡಿಯುತ್ತಿದ್ದ ಕೆಲಸಗಾರರೊಬ್ಬರ ಕಾಲಿಗೆ ಕತ್ತಿಯೇಟು ಬಿದ್ದು ರಕ್ತ ನಿಲ್ಲಲಿಲ್ಲ. ರೈಟರ್ ಓಡಿಬಂದು ಜೀಪಿನ ಬಾಗಿಲಿಗೆ ಬೆರಳೊತ್ತಿದರು. ಮಳೆ ಸುರಿಯುತ್ತಿತ್ತು, ಕೈಗೆ ರಕ್ತ ಮೆತ್ತಿತ್ತು. ಕೆಲವು ಸಲ ವಿಫಲವಾದ ಮೇಲೆ ಸಾಧನ ತಾನಾಗಿ ಸ್ವಲ್ಪ ಹೊತ್ತು ಯಾವ ಬೆರಳನ್ನೂ ಸ್ವೀಕರಿಸದ ಸ್ಥಿತಿಗೆ ಹೋಯಿತು; ಕಳ್ಳರ ಪ್ರಯತ್ನವನ್ನು ತಡೆಯಲು ಇಟ್ಟ ಏರ್ಪಾಡು ಅದು. ಮನೆಯಿಂದ ಓಡಿಬಂದ ಅಮ್ಮನವರ (ಮಾಲೀಕರ ಪತ್ನಿಯ) ಬೆರಳು ನೋಂದಣಿಯಾಗಿಯೇ ಇರಲಿಲ್ಲ, ಅವರು ವಾಹನ ಓಡಿಸುವುದಿಲ್ಲ ಎಂಬ ಕಾರಣಕ್ಕೆ. ಕೀ ಎಲ್ಲಿದೆ ಎಂದು ಮಾಲೀಕರನ್ನು ಕೇಳೋಣವೆಂದರೆ ಫೋನು ಸಿಗಲಿಲ್ಲ. ಪಕ್ಕದ ತೋಟದವರ ಜೀಪು ಬಂದು ಗಾಯಾಳುವನ್ನು ಆಸ್ಪತ್ರೆಗೆ ಒಯ್ದಿತು. ಹೊಲಿಗೆ ಹಾಕಿಸಿಕೊಂಡು ಅವರು ಚೇತರಿಸಿಕೊಂಡರು.

ಈ ಘಟನೆಯಲ್ಲಿ ಮಳೆಗಿಂತ ಅಮ್ಮನವರ ವಿಷಯವೇ ನನಗೆ ಮುಖ್ಯವಾಗಿ ಕಂಡಿತು. ಕೀ ಇದ್ದಿದ್ದರೆ ಅವರು ಅದನ್ನು ರೈಟರ್ ಕೈಗೆ ಕೊಡುತ್ತಿದ್ದರು, ರೈಟರ್‌ಗೆ ಆಗದಿದ್ದರೆ ಮೇಸ್ತ್ರಿಗೆ, ಮೇಸ್ತ್ರಿಯೂ ಇಲ್ಲದಿದ್ದರೆ ದಾರಿಯಲ್ಲಿ ಸಿಕ್ಕಿದ ಚಾಲನೆ ಬಲ್ಲ ಯಾರಿಗಾದರೂ. ಮನೆಯೊಡತಿಯಾಗಿ ಅವರಿಗಿದ್ದ ಅಧಿಕಾರ ಕೀಯ ಮೂಲಕ ನಡೆಯುತ್ತಿತ್ತು. ಬೆರಳು ಆ ಅಧಿಕಾರವನ್ನು ವಾಹನ ಓಡಿಸುವವರ ದೇಹಕ್ಕೆ ಅಂಟಿಸಿಬಿಟ್ಟಿತು. ಸುರಕ್ಷತೆಯ ಚರ್ಚೆಗಳಲ್ಲಿ ಕೀಯನ್ನು ಬೇರೊಬ್ಬರಿಗೆ ಕೊಡಬಹುದು ಎಂಬುದನ್ನು ದೌರ್ಬಲ್ಯವೆಂದೇ ಎಣಿಸುತ್ತಾರೆ. ಒಂದೇ ವಾಹನವನ್ನು ಹತ್ತು ಕೆಲಸಕ್ಕೆ ಬಳಸುವ, ಆಸ್ಪತ್ರೆ ದೂರವಿರುವ, ಸಂಜೆಯಾದರೆ ಆನೆಯ ಭಯದಿಂದ ನಡೆದುಹೋಗಲಾಗದ ಈ ಪ್ರದೇಶದಲ್ಲಿ ಅದು ಕೀಯ ಅತಿ ದೊಡ್ಡ ಗುಣ.

ಡ್ಯಾಶ್‌ಬೋರ್ಡಿನ ಕೆಳಗೆ

ಇಷ್ಟಕ್ಕೇ ನಿಂತಿದ್ದರೆ ಇದು ಅನನುಕೂಲದ ಕಥೆಯಾಗುತ್ತಿತ್ತು, ಅಷ್ಟೆ. ಕುಶಾಲನಗರದ ವರ್ಕ್‌ಶಾಪೊಂದರಲ್ಲಿ ಸ್ಟಿಯರಿಂಗ್ ಕೆಳಗಿನ ಹೊದಿಕೆಯನ್ನು ಬಿಚ್ಚಿದಾಗ ಬೇರೆಯದೇ ವಿಷಯ ಎದುರಾಯಿತು.

ಆ ಜೀಪಿಗೆ ಕಂಪನಿಯೇ ಕೊಟ್ಟ ಇಮ್ಮೊಬಿಲೈಸರ್ ಇದೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಬ್ಯಾಟರಿ ಬೇಡದ ಒಂದು ಚಿಪ್ ಇರುತ್ತದೆ. ಇಗ್ನಿಷನ್ ಲಾಕಿನ ಸುತ್ತ ಇರುವ ತಂತಿಯ ಸುರುಳಿ ಅದಕ್ಕೆ ಶಕ್ತಿ ಕೊಟ್ಟು ಪ್ರಶ್ನಿಸುತ್ತದೆ, ಚಿಪ್ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಎಂಜಿನ್‌ನ ಕಂಪ್ಯೂಟರ್ ಇಂಧನವನ್ನು ಬಿಡುತ್ತದೆ. ನಕಲಿ ಕೀ ತಿರುಗಿಸಿಯೋ ತಂತಿಗಳನ್ನು ಜೋಡಿಸಿಯೋ ವಾಹನ ಒಯ್ಯುವುದನ್ನು ಇದು ಬಹುಮಟ್ಟಿಗೆ ತಡೆದಿದೆ. ಹೊರಗಿನಿಂದ ಹಾಕಿಸಿದ ಬೆರಳಚ್ಚು ಸಾಧನಕ್ಕೆ ಈ ಚಿಪ್‌ನ ರಹಸ್ಯ ಗೊತ್ತಿರುವುದಿಲ್ಲ. ಹಾಗಾದರೆ ಕೀ ಇಲ್ಲದೆ ಎಂಜಿನ್ ಚಾಲೂ ಆಗುವುದು ಹೇಗೆ? ಉತ್ತರ ಡ್ಯಾಶ್‌ಬೋರ್ಡಿನ ಹಿಂದೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕರಿಯ ಡಬ್ಬಿಯಲ್ಲಿ ಇತ್ತು. ಟೇಪು ಸುತ್ತಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಬ್ರೇಕ್ ಪೆಡಲಿನ ಮೇಲ್ಭಾಗದ ಕಂಬಿಗೆ ಕಟ್ಟಿದ್ದರು. ಬಿಚ್ಚಿ ನೋಡಿದರೆ ಒಳಗೆ ಜೀಪಿನ ಎರಡನೆಯ ಅಸಲಿ ಕೀಯ ತಲೆ. ಲೋಹದ ಭಾಗವನ್ನು ಕತ್ತರಿಸಿ ತೆಗೆದಿದ್ದರು. ಅದರ ಸುತ್ತ ಹೊಸದೊಂದು ಸುರುಳಿ. ಬೆರಳನ್ನು ಒಪ್ಪಿದ ಕೂಡಲೆ ಸಾಧನ ಈ ಡಬ್ಬಿಗೆ ವಿದ್ಯುತ್ ಕೊಡುತ್ತದೆ, ಡಬ್ಬಿಯೊಳಗಿನ ಚಿಪ್ ಇಗ್ನಿಷನ್ ಲಾಕಿನ ಸುರುಳಿಗೆ ಉತ್ತರ ಹೇಳುತ್ತದೆ. ಅಂದರೆ ವಾಹನದ ಅಸಲಿ ಕೀ ಸದಾಕಾಲ ವಾಹನದೊಳಗೇ ಇತ್ತು. ಡಬ್ಬಿಗೆ ಹೋಗುವ ತಂತಿಗೆ ಹನ್ನೆರಡು ವೋಲ್ಟ್ ತಾಗಿಸಬಲ್ಲ ಯಾರಿಗೂ ಬೆರಳಿನ ಅಗತ್ಯವಿರಲಿಲ್ಲ.

ಎರಡನೆಯದು ಸ್ಟಿಯರಿಂಗ್ ಲಾಕ್. ಕೀ ಹಾಕಿ ತಿರುಗಿಸುವ ವಾಹನಗಳಲ್ಲಿ ಕೀ ತೆಗೆದ ಮೇಲೆ ಸ್ಟಿಯರಿಂಗನ್ನು ಹಿಡಿದಿಡುವ ಒಂದು ಉಕ್ಕಿನ ಪಿನ್ನು ಇರುತ್ತದೆ. ಕೀ ಇಲ್ಲದೆ ಓಡಿಸಬೇಕಾದರೆ ಆ ಪಿನ್ನು ಅಡ್ಡಬರುತ್ತದೆ. ಓಡುವಾಗ ಅದು ಕಚ್ಚಿಕೊಂಡರಂತೂ ಪ್ರಾಣಾಪಾಯ. ಜೋಡಿಸಿದವರು ಅದನ್ನು ಕಿತ್ತುಹಾಕಿದ್ದರು. ಅವರ ತರ್ಕದಲ್ಲಿ ಅದು ಸರಿಯೇ. ಆದರೆ ಲೆಕ್ಕ ಹಾಕಿ ನೋಡಿದರೆ ಕಳ್ಳತನ ತಡೆಯಲು ಕಂಪನಿ ಕೊಟ್ಟಿದ್ದ ಎರಡು ಏರ್ಪಾಡುಗಳನ್ನು ನಿಷ್ಕ್ರಿಯಗೊಳಿಸಿ, ಅವುಗಳ ಜಾಗದಲ್ಲಿ ಹೊರಗಿನಿಂದ ಕಾಣುವ ಒಂದು ನೀಲಿ ದೀಪವನ್ನು ಕೂರಿಸಿದಂತಾಗಿತ್ತು.

ಮೂರನೆಯ ಸಂಗತಿಯನ್ನು ಚಾಲಕರು ಎತ್ತಿಕೊಟ್ಟರು. ಇವರಿಗೂ ಹಿಂದೆ ಇದ್ದ ಚಾಲಕ ಕೆಲಸ ಬಿಟ್ಟು ಹೋಗಿ ಕೆಲವು ತಿಂಗಳಾಗಿತ್ತು. ಆತನ ಬೆರಳನ್ನು ಅಳಿಸಿದ್ದೀರಾ ಎಂದು ಅವರು ಕೇಳಿದರು. ಮಾಲೀಕರು ಮಗಳ ಮುಖ ನೋಡಿದರು. ಅಳಿಸಬೇಕಾದರೆ ‘ಮುಖ್ಯ’ ಬೆರಳನ್ನು ಮೊದಲು ಇಡಬೇಕು ಎಂದು ಕೈಪಿಡಿ ಹೇಳುತ್ತಿತ್ತು. ಖಾಲಿ ಸ್ಮೃತಿಗೆ ಮೊಟ್ಟಮೊದಲು ಕೊಟ್ಟ ಬೆರಳೇ ಮುಖ್ಯ ಬೆರಳು. ಮನೆಯವರಲ್ಲಿ ಯಾರ ಬೆರಳಿಟ್ಟರೂ ಸಾಧನ ಅಳಿಸುವ ಸ್ಥಿತಿಗೆ ಹೋಗಲಿಲ್ಲ. ಜೋಡಣೆ ಮುಗಿದ ಮೇಲೆ ಪರೀಕ್ಷೆಗೆಂದು ಮೆಕ್ಯಾನಿಕ್ ತನ್ನ ಬೆರಳನ್ನು ಮೊದಲು ಕೊಟ್ಟಿರಬೇಕು ಎಂಬುದನ್ನು ಬಿಟ್ಟು ಬೇರೆ ವಿವರಣೆ ನಮಗೆ ಹೊಳೆಯಲಿಲ್ಲ. ಆತನಿಗೆ ದುರುದ್ದೇಶವಿತ್ತು ಎನ್ನಲು ಯಾವ ಆಧಾರವೂ ಇಲ್ಲ. ಆದರೆ ಸಾಧನ ತೋರಿಸುತ್ತಿದ್ದುದು ಕ್ರಮಸಂಖ್ಯೆ ಮಾತ್ರ, ಹೆಸರಲ್ಲ. ಯಾವ ಸಂಖ್ಯೆ ಯಾರದು ಎಂದು ಯಾರೂ ಬರೆದಿಟ್ಟಿರಲಿಲ್ಲ. ಕಳೆದ ಕೀಯನ್ನು ಕಳೆದಿದೆ ಎಂದು ತಿಳಿಯಬಹುದು. ಸಾಧನದೊಳಗೆ ಉಳಿದುಹೋದ ಬೆರಳು ಇದೆಯೆಂಬುದೇ ಯಾರಿಗೂ ತಿಳಿಯುವುದಿಲ್ಲ.

ಬ್ಯಾಟರಿಯ ಮಾತನ್ನೂ ಹೇಳಿಬಿಡುತ್ತೇನೆ. ವಾಹನ ನಿಂತಿರುವಾಗಲೂ ಸಾಧನ ಸುಮಾರು 30 ಮಿಲಿಆಂಪಿಯರ್ ಎಳೆಯುತ್ತಿತ್ತು. ದಿನಕ್ಕೆ 0.72 ಆಂಪಿಯರ್-ಗಂಟೆ, ತಿಂಗಳಿಗೆ ಸುಮಾರು 22. 70 ಆಂಪಿಯರ್-ಗಂಟೆಯ ಬ್ಯಾಟರಿಯ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. ದಿನವೂ ಓಡುವ ಜೀಪಿಗೆ ಇದು ಲೆಕ್ಕಕ್ಕಿಲ್ಲ. ಜಡಿಮಳೆಯಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತರೆ ಲೆಕ್ಕಕ್ಕೆ ಬರುತ್ತದೆ.

ವಿಮೆ ಮತ್ತು ಎರಡು ಕೀಗಳು

ವಾಹನ ಕಳುವಾದರೆ ಪರಿಹಾರ ಕೊಡುವ ಮೊದಲು ವಿಮಾ ಕಂಪನಿಗಳು ಎಫ್‌ಐಆರ್, ವಾಹನ ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿ ಇವುಗಳೊಡನೆ ವಾಹನದ ಎರಡೂ ಅಸಲಿ ಕೀಗಳನ್ನು ಕೇಳುವುದು ನಮ್ಮಲ್ಲಿ ರೂಢಿ. ಒಂದು ಕೀ ಇಲ್ಲದಿದ್ದರೆ, ಕೀಯನ್ನು ವಾಹನದಲ್ಲೇ ಬಿಟ್ಟಿದ್ದಿರಿ, ತಕ್ಕ ಎಚ್ಚರಿಕೆ ವಹಿಸಲಿಲ್ಲ ಎಂಬ ತಕರಾರು ಏಳುತ್ತದೆ. ಎಷ್ಟೋ ಪ್ರಕರಣಗಳು ಗ್ರಾಹಕರ ಆಯೋಗದವರೆಗೆ ಹೋಗುತ್ತವೆ. ಈ ಜೀಪು ಕಳುವಾಗಿದ್ದರೆ ಮಾಲೀಕರು ಒಂದು ಕೀಯನ್ನಷ್ಟೇ ಕೊಡಬಲ್ಲವರಾಗಿದ್ದರು. ಇನ್ನೊಂದು ಎಲ್ಲಿ ಎಂದು ಕೇಳಿದರೆ ‘ಜೀಪಿನೊಳಗೆ’ ಎಂಬುದೇ ನಿಜವಾದ ಉತ್ತರವಾಗುತ್ತಿತ್ತು. ಎರಡನೆಯ ಕೀಯನ್ನು ಜೋಡಿಸುವವರಿಗೆ ಕೊಟ್ಟದ್ದು ಮಾಲೀಕರಿಗೆ ನೆನಪಿತ್ತು. ಅದು ಹೊಂದಾಣಿಕೆಗೆ ಬೇಕು ಎಂದಿದ್ದರಂತೆ. ಅದನ್ನು ಮರಳಿ ಕೇಳುವುದು ಮರೆತುಹೋಗಿತ್ತು. ಜೊತೆಗೆ, ಕಂಪನಿಯಿಂದ ಬರದ ವಿದ್ಯುತ್ ಸಾಧನವನ್ನು ಹಾಕಿಸಿದಾಗ ವಿಮೆಯಲ್ಲಿ ಅದನ್ನು ತಿಳಿಸಿ ಹೆಚ್ಚುವರಿ ಕಂತು ಕಟ್ಟಬೇಕಾಗುತ್ತದೆ. ಈ ಮನೆಯಲ್ಲಿ ಅದೂ ಆಗಿರಲಿಲ್ಲ. ಇಗ್ನಿಷನ್ ತಂತಿಗಳನ್ನು ಕತ್ತರಿಸಿ ಜೋಡಿಸಿದ್ದರಿಂದ ವೈರಿಂಗ್‌ನ ವಾರಂಟಿಯೂ ತಕರಾರಿಗೆ ಒಳಗಾಗುವಂಥದ್ದೇ.

ಕತ್ತರಿಸಿದ ಬೆರಳಿನ ಪ್ರಶ್ನೆಯನ್ನು ಮಾಲೀಕರೇ ಕೇಳಿದರು, ಎಲ್ಲೋ ಓದಿದ್ದರು. 2005ರಲ್ಲಿ ಮಲೇಷ್ಯಾದಲ್ಲಿ ಮರ್ಸಿಡಿಸ್ ಕಾರೊಂದನ್ನು ಅಪಹರಿಸಿದವರು, ಮತ್ತೆ ಮತ್ತೆ ಚಾಲೂ ಮಾಡಲು ಬೆರಳು ಬೇಕೆಂದು ಮಾಲೀಕನ ಬೆರಳ ತುದಿಯನ್ನೇ ಕತ್ತರಿಸಿಕೊಂಡು ಹೋದದ್ದು ನಿಜ. ಅದು ಅಪರೂಪ. ಇನ್ನೂ ಸುಲಭದ ದಾರಿ ಅಚ್ಚಿನ ನಕಲು: ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ಟ್ಸುಟೊಮು ಮಾಟ್ಸುಮೊಟೊ 2002ರಲ್ಲೇ ಜೆಲಾಟಿನ್‌ನಿಂದ ಮಾಡಿದ ಬೆರಳುಗಳಿಂದ ಹಲವು ಸಂವೇದಕಗಳನ್ನು ಮೋಸಗೊಳಿಸಿ ತೋರಿಸಿದ್ದರು, ಮತ್ತು ಟಚ್ ಐಡಿ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಹ್ಯಾಕರುಗಳ ಕೂಟವಾದ ಕೇಯಾಸ್ ಕಂಪ್ಯೂಟರ್ ಕ್ಲಬ್ ಗಾಜಿನ ಮೇಲಿನ ಅಚ್ಚಿನಿಂದ ಅದನ್ನೂ ತೆರೆದಿತ್ತು. ಜಮೀನುದಾರರಿಗೆ ಇದರಲ್ಲಿ ಒಂದು ವಿಶೇಷ ತೊಡಕಿದೆ. ಕ್ರಯಪತ್ರಗಳಲ್ಲಿ ಅವರ ಹೆಬ್ಬೆಟ್ಟಿನ ಗುರುತು ಇರುತ್ತದೆ. ನೋಂದಣಿ ದಾಖಲೆಗಳ ಬೆರಳಚ್ಚುಗಳನ್ನು ನಕಲು ಮಾಡಿ ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದ ದೂರುಗಳು 2023ರಲ್ಲಿ ಕರ್ನಾಟಕದಲ್ಲೇ ಬಂದಿದ್ದವು. ಕೀ ನಕಲಾದರೆ ಬೀಗ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು. ಆದರೂ ಈ ಜೀಪಿನ ಮಟ್ಟಿಗೆ ಇವೆಲ್ಲ ದೂರದ ಅಪಾಯಗಳೇ. ಡಬ್ಬಿಯ ತಂತಿ ಕೈಗೆಟುಕುವಲ್ಲಿ ಇರುವಾಗ ಜೆಲಾಟಿನ್ ಕಾಯಿಸುವ ಕಷ್ಟವನ್ನು ಯಾವ ಕಳ್ಳನೂ ತೆಗೆದುಕೊಳ್ಳುವುದಿಲ್ಲ.

ಕಂಪನಿಯೇ ಕೊಟ್ಟರೆ

ಇದರಿಂದ ಬಯೋಮೆಟ್ರಿಕ್ ಬಾಗಿಲು ಎಂಬುದೇ ದಂಡ ಎಂಬ ತೀರ್ಮಾನಕ್ಕೆ ಬರುವುದು ಅವಸರವಾಗುತ್ತದೆ. ಕಾರ್ಖಾನೆಯಲ್ಲೇ ಅಳವಡಿಸಿದ ವ್ಯವಸ್ಥೆಯಲ್ಲಿ ಬೆರಳಚ್ಚಿನ ಘಟಕವು ವಾಹನದ ಇಮ್ಮೊಬಿಲೈಸರ್ ಜೊತೆ ನೇರವಾಗಿ ವ್ಯವಹರಿಸುವಂತೆ ರೂಪಿಸಬಹುದು; ಕೀಯನ್ನು ಡಬ್ಬಿಯಲ್ಲಿ ಬಚ್ಚಿಡುವ ಅಗತ್ಯ ಬೀಳುವುದಿಲ್ಲ. 2021ರ ಜೆನೆಸಿಸ್ ಜಿವಿ60 ಕಾರು ಬಾಗಿಲ ಕಂಬದಲ್ಲಿರುವ ಇನ್‌ಫ್ರಾರೆಡ್ ಕ್ಯಾಮೆರಾದಿಂದ ಮುಖ ನೋಡಿ ಬಾಗಿಲು ತೆರೆಯುತ್ತದೆ, ಒಳಗಿನ ಬೆರಳಚ್ಚಿನಿಂದ ಚಾಲೂ ಆಗುತ್ತದೆ. ಅದರಲ್ಲಿ ನೋಂದಾಯಿಸಬಹುದಾದ ಮುಖಗಳು ಎರಡೇ. ಗಂಡ ಹೆಂಡತಿಯ ನಗರದ ಸಂಸಾರಕ್ಕೆ ಸಾಕು. ಈ ತೋಟಕ್ಕೆ ರೈಟರ್‌ವರೆಗೂ ಬರುವುದಿಲ್ಲ. ಕೀಯನ್ನು ಜೇಬಿನಿಂದ ತೆಗೆಯುವುದೇ ಬೇಡದ ಕಾರುಗಳಿಗೆ ಬೆರಳು ಒಂದು ರಕ್ಷಣೆಯಾಗಬಲ್ಲದು ಎಂಬುದೂ ನಿಜ: ಜೇಬಿನ ಕೀಯ ಸಂಕೇತವನ್ನು ದೂರದಿಂದ ವರ್ಗಾಯಿಸಿ ಕಾರು ತೆರೆಯಬಹುದೆಂದು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಎಂಟು ಕಂಪನಿಗಳ ಹತ್ತು ಕಾರುಗಳ ಮೇಲೆ ತೋರಿಸಿದ್ದರು, ಮತ್ತು ಬೆರಳನ್ನು ಹಾಗೆ ದೂರದಿಂದ ವರ್ಗಾಯಿಸಲಾಗದು. ಕೀ ಹಾಕಿ ತಿರುಗಿಸುವ ಈ ಜೀಪಿಗೆ ಆ ಅಪಾಯವೇ ಇರಲಿಲ್ಲ.

ಫೋನನ್ನೇ ಕೀಯಾಗಿಸುವ ಡಿಜಿಟಲ್ ಕೀ ಈ ಮನೆಗೆ ಬೆರಳಿಗಿಂತ ಹತ್ತಿರವಾದೀತು. ಕಾರು ಮತ್ತು ಫೋನು ಕಂಪನಿಗಳ ಒಕ್ಕೂಟವಾದ ಕಾರ್ ಕನೆಕ್ಟಿವಿಟಿ ಕನ್ಸಾರ್ಟಿಯಂ 2021ರಲ್ಲಿ ಪ್ರಕಟಿಸಿದ ಮೂರನೆಯ ಆವೃತ್ತಿಯ ಮಾನದಂಡದಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೋ ಸಂಕೇತದ ಮೂಲಕ ಫೋನು ನಿಜಕ್ಕೂ ಎಷ್ಟು ದೂರದಲ್ಲಿದೆ ಎಂದು ಅಳೆಯುವ ಏರ್ಪಾಡು ಇದೆ. ಕೀಯನ್ನು ಇನ್ನೊಬ್ಬರಿಗೆ ಕಳಿಸಬಹುದು, ಹಿಂತೆಗೆದುಕೊಳ್ಳಲೂ ಬಹುದು. ಬಾಗಿಲು ತೆರೆಯಲು ನೆಟ್‌ವರ್ಕ್ ಬೇಡ. ಹೊಸಬರಿಗೆ ಕೀ ಕಳಿಸಲು ಬೇಕು, ಮತ್ತು ಆ ಜುಲೈ ಸಂಜೆ ಇಲ್ಲದಿದ್ದುದೂ ಅದೇ.

ಮುಂದಿನ ವಾಹನದಲ್ಲಿ ಬೆರಳಚ್ಚು ಇರಲಿ ಎಂಬ ಆಸೆಯನ್ನು ಮಗಳು ಬಿಟ್ಟಿಲ್ಲ. ಡೀಲರ್ ಬಳಿ ಕೇಳಿಕೊಳ್ಳಿ ಎಂದು ನಾನು ಹೇಳಿದ್ದು ಇಷ್ಟು: ಸಂವೇದಕ ಸಂಪೂರ್ಣ ಕೆಟ್ಟರೆ ಕೀಯೊಂದರಿಂದಲೇ ಎಂಜಿನ್ ಚಾಲೂ ಆಗುತ್ತದೆಯೇ, ಬ್ಯಾಟರಿ ಸತ್ತಾಗ ಬಾಗಿಲಿಗೆ ಕೀ ತೂರಿಸುವ ಜಾಗ ಇದೆಯೇ, ಟೆಂಪ್ಲೇಟು ವಾಹನದಲ್ಲೇ ಉಳಿಯುತ್ತದೆಯೋ ಕಂಪನಿಯ ಸರ್ವರ್‌ಗೆ ಹೋಗುತ್ತದೆಯೋ, ಒಬ್ಬರದನ್ನು ಮಾತ್ರ ಹೆಸರು ಹಿಡಿದು ಅಳಿಸಬಹುದೇ. ಪರೀಕ್ಷಿಸಿ ನೋಡುವಾಗ ಮೇಸ್ತ್ರಿಯನ್ನು ಕರೆದೊಯ್ಯಿರಿ ಎಂದೂ ಹೇಳಿದೆ.

ಕೆಲಸದವರ ಬೆರಳಚ್ಚನ್ನು ಇಟ್ಟುಕೊಳ್ಳುವ ವಿಷಯದಲ್ಲಿ ಕಾನೂನು ಏನೆನ್ನುತ್ತದೆ ಎಂದು ರೈಟರ್ ಕೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಯ ಸ್ವಂತ ಬಳಕೆಯನ್ನು ಹೊರಗಿಟ್ಟಿದೆ, ಆದರೆ ಸಂಬಳ ಕೊಟ್ಟು ಇಟ್ಟುಕೊಂಡವರ ಬೆರಳಚ್ಚು ಮನೆಬಳಕೆ ಎನಿಸಿಕೊಳ್ಳುವುದು ಕಷ್ಟ. ಕೆಲಸ ಬಿಟ್ಟವರ ದತ್ತಾಂಶವನ್ನು ಅಳಿಸಬೇಕು ಎಂಬುದಕ್ಕೆ ಕಾಯ್ದೆಯೇ ಬೇಕಿಲ್ಲ.

ಕೈಗೊಂಡ ಕ್ರಮ

ಬೆರಳಚ್ಚನ್ನು ಉಳಿಸಿಕೊಂಡು ಕೀಯನ್ನೂ ಬಳಸುವ ಮಧ್ಯಮ ಮಾರ್ಗವನ್ನು ಮೆಕ್ಯಾನಿಕ್ ಒಬ್ಬರು ಸೂಚಿಸಿದ್ದರು: ಇಂಧನ ಪಂಪಿನ ತಂತಿಯಲ್ಲಿ ಒಂದು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಹಾಕಿ, ಬೆರಳನ್ನು ಒಪ್ಪಿದರೆ ಮಾತ್ರ ಪಂಪು ಓಡುವಂತೆ ಮಾಡುವುದು. ನಾನು ಒಪ್ಪಲಿಲ್ಲ. ಅಗ್ಗದ ರಿಲೇ ಒಂದು ಸಂಪಾಜೆ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ ಕೈಕೊಟ್ಟರೆ ಎಂಜಿನ್ ನಿಂತುಹೋಗುತ್ತದೆ. ಜೀಪು ಕಳುವಾದ ನಷ್ಟ ಅದಕ್ಕಿಂತ ಚಿಕ್ಕದು.

ಸಾಧನವನ್ನು ಪೂರ್ತಿ ತೆಗೆಯಲಾಯಿತು, ಕತ್ತರಿಸಿದ್ದ ಇಗ್ನಿಷನ್ ತಂತಿಗಳನ್ನು ಬೆಸೆದು ಮೊದಲಿನಂತೆ ಮಾಡಲಾಯಿತು. ಡಬ್ಬಿಯಿಂದ ಹೊರತೆಗೆದ ಚಿಪ್ ಕೆಲಸ ಮಾಡುತ್ತಿದ್ದುದರಿಂದ ಅದಕ್ಕೆ ಹೊಸ ಲೋಹದ ಅಲಗು ಕತ್ತರಿಸಿ ಎರಡನೆಯ ಕೀಯಾಗಿ ಬಳಸಿಕೊಳ್ಳಬಹುದಾಯಿತು. ಸ್ಟಿಯರಿಂಗ್ ಲಾಕಿನ ಪಿನ್ನು ಮಾತ್ರ ಬಿಡಿಯಾಗಿ ಸಿಗುವುದಿಲ್ಲ; ಇಡೀ ಲಾಕ್ ಜೋಡಣೆಯನ್ನೇ ತರಿಸಬೇಕು, ಅದಕ್ಕೆ ಆರ್ಡರ್ ಕೊಟ್ಟಿದ್ದಾರೆ. ವಿಮಾ ಕಂಪನಿಗೆ ಸಾಧನ ಹಾಕಿಸಿದ್ದನ್ನೂ ತೆಗೆಸಿದ್ದನ್ನೂ ಬರವಣಿಗೆಯಲ್ಲಿ ತಿಳಿಸಲಾಗಿದೆ.

ಹೇಳದೆ ಒಯ್ಯುವ ಹಳೆಯ ಸಮಸ್ಯೆಗೆ ತೋಟದ ಆಫೀಸಿನ ಗೋಡೆಗೆ ಅಂಕಿ ತಿರುಗಿಸಿ ತೆರೆಯುವ ಒಂದು ಕೀ ಪೆಟ್ಟಿಗೆಯನ್ನೂ ಅದರ ಪಕ್ಕದಲ್ಲಿ ಒಂದು ಪುಸ್ತಕವನ್ನೂ ಇಟ್ಟಿದ್ದಾರೆ. ಒಯ್ಯುವವರು ಹೆಸರು, ಹೊತ್ತು ಮತ್ತು ಮೀಟರಿನ ಅಂಕಿ ಬರೆಯಬೇಕು. ಪೆಟ್ಟಿಗೆಯ ಅಂಕಿ ಅಮ್ಮನವರಿಗೂ ಗೊತ್ತು. ಜೊತೆಗೆ ಒಂದು ಜಿಪಿಎಸ್ ಟ್ರ್ಯಾಕರ್ ಹಾಕಿಸುವ ಬಗ್ಗೆ ಮಾತು ನಡೆದಿದೆ. ಚಾಲಕರಿಗೆ ತಿಳಿಸಿಯೇ ಹಾಕಿಸಿ ಎಂದು ಸಲಹೆ ಕೊಟ್ಟಿದ್ದೇನೆ.

ತೆಗೆದ ಸಾಧನವನ್ನು ಆನ್‌ಲೈನಿನಲ್ಲಿ ಮಾರಿಬಿಡುವ ಯೋಚನೆ ಮಗಳಿಗಿತ್ತು. ಮುಖ್ಯ ಬೆರಳು ಇಲ್ಲದೆ ಒಂದೊಂದಾಗಿ ಅಳಿಸಲು ಆಗದ್ದರಿಂದ, ಹಲಗೆಯ ಮೇಲಿನ ಚಿಕ್ಕ ಗುಂಡಿಯನ್ನು ಒತ್ತಿಹಿಡಿದು ಇಡೀ ಸ್ಮೃತಿಯನ್ನು ಖಾಲಿ ಮಾಡಿದೆವು. ಆಮೇಲೆ ಸುಮ್ಮನೆ ಮೇಸ್ತ್ರಿಯ ಬೆರಳಿಡಿಸಿ ನೋಡಿದರೆ ಸಾಧನ ಕೂಡಲೆ ಒಪ್ಪಿಕೊಂಡಿತು. ಸ್ಮೃತಿ ಖಾಲಿಯಿದ್ದಾಗ ಯಾರ ಬೆರಳಿಟ್ಟರೂ ತೆರೆಯುವಂತೆ ಅದನ್ನು ಮಾಡಿದ್ದಾರೆ. ಆ ಗುಂಡಿಯೂ ಡ್ಯಾಶ್‌ಬೋರ್ಡಿನ ಕೆಳಗೆ, ಡಬ್ಬಿಯಿಂದ ಒಂದು ಗೇಣು ದೂರದಲ್ಲಿತ್ತು. ಮಗಳು ಮಾರುವ ಯೋಚನೆಯನ್ನು ಬಿಟ್ಟರು.